ಕಾಲಿಂಚಿನ ಗೆಲುವು

“ಒಂದು ಯುದ್ಧಭೂಮಿ ಹೊಲಿದು ಕೊಡ್ತೀರಾ ಅಕ್ಕ?”

ಅವರು ನನ್ನ ಬಳಿ ಆಡಿದ ಮೊದಲ ಮಾತು ಇದು. ನೆದರ್ಲೆಂಡ್ಸಿನ ಆಮ್ಸ್ಟೆಲ್‌ವೀನ್‌ನ ನಮ್ಮ ಕಟ್ಟಡದಲ್ಲಿ ಅವರೂ ಹೆಂಡತಿಯೂ ಎರಡನೇ ಮಹಡಿಯಲ್ಲಿ, ನಾವು ನಾಲ್ಕನೆಯದರಲ್ಲಿ. ಲಿಫ್ಟಿನಲ್ಲಿ ಸಿಕ್ಕಾಗ ತಲೆಯಾಡಿಸಿ ಸುಮ್ಮನಾಗುತ್ತಿದ್ದವರು ಅಂದು ಬಾಗಿಲು ತಟ್ಟಿ, ತೋಳಿನ ತುಂಬ ಹಸಿರು ಬಟ್ಟೆ ಹಿಡಿದುಕೊಂಡು ನಿಂತಿದ್ದರು. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಸೀರೆಗೆ ಫಾಲ್, ಬ್ಲೌಸು, ಮತ್ತೆ ಇಲ್ಲಿಯ ಅಂಗಡಿಯ ಪ್ಯಾಂಟುಗಳು ನಮ್ಮವರಿಗೆ ಯಾವಾಗಲೂ ಉದ್ದವಾಗುವುದರಿಂದ ಅವುಗಳ ಕಾಲು ಮಡಿಸುವುದು. ಯುದ್ಧಭೂಮಿಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

“ಎಂತದು ಮಾರಾಯ್ರೆ?” ಎಂದೆ.

“ಆರಡಿ ಉದ್ದ, ನಾಲ್ಕಡಿ ಅಗಲ. ಸುತ್ತ ಅಂಚು ಮಡಿಸ್ಬೇಕು. ಮಧ್ಯ ಒಂದು ನೀಲಿ ಪಟ್ಟಿ, ಅದು ನದಿ. ಸ್ವಲ್ಪ ಸೊಟ್ಟಗಿರ್ಲಿ.”

“ಸೊಟ್ಟ ಹೊಲೀಲಿಕ್ಕೆ ನಂಗೆ ಬರೂದಿಲ್ಲ. ನಾನು ನೇರ ಕಲಿತದ್ದು.”

ಅವರು ಸ್ವಲ್ಪ ಯೋಚಿಸಿದರು. “ಸರಿ, ಹಾಗಾದ್ರೆ ಅದು ಇಲ್ಲಿನ ಕಾಲುವೆ. ನೇರಾನೇ ಇರುತ್ತೆ.”

ಅವರನ್ನು ನಾನು ಎಂದೂ ಹೆಸರು ಹಿಡಿದು ಕರೆದವಳಲ್ಲ. ಇಲ್ಲಿಯೂ ಬರೆಯುವುದಿಲ್ಲ. ಈ ಫೆಬ್ರವರಿಯಲ್ಲಿ, ಕೆಲಸದಿಂದ ಮನೆಗೆ ಬರುವಾಗ, ಟ್ರಾಮ್ ನಿಲ್ದಾಣದ ಬೆಂಚಿನ ಮೇಲೆ ಕುಳಿತವರು ಮತ್ತೆ ಏಳಲಿಲ್ಲ. ಐವತ್ತನಾಲ್ಕು ವರ್ಷ. ಮಡಿಲಲ್ಲಿದ್ದ ಚೀಲದಲ್ಲಿ ಊಟದ ಡಬ್ಬಿ, ಮತ್ತು ಹತ್ತಿಯಲ್ಲಿ ಸುತ್ತಿಟ್ಟಿದ್ದ, ಬಿಲ್ಲು ಮುರಿದ ಒಂದು ಹಸಿರು ರಾಕ್ಷಸನ ಪುಟ್ಟ ಗೊಂಬೆ ಇದ್ದವು. ರಿಪೇರಿಗೆಂದು ಆಫೀಸಿಗೆ ಒಯ್ದಿದ್ದರು. ಆಫೀಸಿನಲ್ಲಿ ಅಂಟು ಒಳ್ಳೆಯದು ಸಿಗುತ್ತದೆ ಎನ್ನುತ್ತಿದ್ದರು.

ನಾನು ಪಿಯುಸಿ ಪೂರ್ತಿ ಮಾಡಿದವಳಲ್ಲ. ಉಡುಪಿಯಲ್ಲಿ ಹೊಲಿಗೆ ಕಲಿತು, ಮದುವೆಯಾಗಿ, ಗಂಡನ ಕೆಲಸದ ಹಿಂದೆ ಇಲ್ಲಿಗೆ ಬಂದವಳು. ಬರೆದು ಅಭ್ಯಾಸವಿಲ್ಲ. ಆದರೆ ಅವರ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪು ಇದೆ. ಅದನ್ನು ಹೇಳಬೇಕಾದರೆ ಅವರು ಎಂಥವರು ಎಂದು ಮೊದಲು ಹೇಳಬೇಕು. ಅವರು ಏಳು ವರ್ಷ ಸೋತು, ಎಂಟನೇ ವರ್ಷ ಒಂದೇ ಒಂದು ಸಲ ಗೆದ್ದರು. ಆ ಗೆಲುವು ಸರಿಯಾದದ್ದಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ.

ಅವರ ಆಟಕ್ಕೆ ಉದ್ದನೆಯ ಒಂದು ಇಂಗ್ಲಿಷ್ ಹೆಸರಿದೆ. ನನ್ನ ಬಾಯಲ್ಲಿ ಅದು ನಿಲ್ಲಲಿಲ್ಲ, ನಾನು ಗೊಂಬೆಯುದ್ಧ ಎನ್ನುತ್ತಿದ್ದೆ. ಮೇಜಿನ ಮೇಲೆ ಎರಡು ಸೈನ್ಯಗಳು. ಒಂದೊಂದು ಗೊಂಬೆಯೂ ಹೆಬ್ಬೆರಳಿನಷ್ಟು. ಅವು ಡಬ್ಬದಲ್ಲಿ ತುಂಡು ತುಂಡಾಗಿ ಬರುತ್ತವೆ, ನಾವೇ ಅಂಟಿಸಿ ನಾವೇ ಬಣ್ಣ ಹಚ್ಚಬೇಕು. ಯಾರು ಎಷ್ಟು ದೂರ ನಡೆಯಬಹುದು ಎಂಬುದಕ್ಕೆ ಇಂಚಿನ ಲೆಕ್ಕ, ಯಾರು ಸತ್ತರು ಎಂಬುದಕ್ಕೆ ದಾಳ. ಈ ದೇಶದಲ್ಲಿ ಎಲ್ಲವೂ ಸೆಂಟಿಮೀಟರು, ಆದರೆ ಈ ಆಟ ಮಾತ್ರ ಇಂಚಿನಲ್ಲಿ. ನನ್ನ ಹೊಲಿಗೆಯೂ ಇಂಚಿನಲ್ಲೇ. ಅಂಚು ಮಡಿಸುವಾಗ ನಾನು ಕೇಳದೆಯೇ “ಎಪ್ಪತ್ತೆರಡು, ನಲವತ್ತೆಂಟು” ಎಂದು ಗೊಣಗಿದ್ದನ್ನು ಕೇಳಿ ಅವರಿಗೆ ಕಳೆದುಹೋದ ನೆಂಟರು ಸಿಕ್ಕಿದಂತಾಯಿತು.

“ಅಕ್ಕ, ನೀವು ಇಂಚಲ್ಲಿ ಯೋಚ್ನೆ ಮಾಡ್ತೀರಾ?”

“ಮತ್ತೆ ಎಂತದರಲ್ಲಿ ಮಾಡೂದು?”

“ಶನಿವಾರ ಮಧ್ಯಾಹ್ನ ಬಿಡುವಿದ್ಯಾ?”

ಹೀಗೆ ನಾನು ಗೊಂಬೆಯುದ್ಧದ ಪಂಚಾಯ್ತಿದಾರಳಾದೆ. ಬಡಾವಣೆಯ ಸಮುದಾಯ ಭವನದಲ್ಲಿ, ವಯಸ್ಸಾದವರ ವ್ಯಾಯಾಮ ಮುಗಿದ ಮೇಲೆ, ಒಂದು ಕೋಣೆ ಇವರ ಕ್ಲಬ್ಬಿಗೆ ಸಿಗುತ್ತಿತ್ತು. ಹತ್ತು ಹನ್ನೆರಡು ಜನ ಗಂಡಸರು, ಹೆಚ್ಚಿನವರು ಡಚ್ಚರು. ಎಲ್ಲರ ಬಳಿಯೂ ಉಕ್ಕಿನ ಟೇಪು ಇತ್ತು. ಆದರೆ ಉಕ್ಕಿನ ಟೇಪು ಗುಡ್ಡ ಕಾಡುಗಳ ನಡುವೆ ನುಗ್ಗಿ ನಾಲ್ಕು ಗೊಂಬೆ ಬೀಳಿಸಿಯೇ ಬರುತ್ತದೆ. ನನ್ನ ಬಟ್ಟೆಯ ಟೇಪು ಬಾಗಿ ಬಳಸಿ ಹೋಗುತ್ತದೆ. ಜಗಳ ಬಂದಾಗ ಅಳೆಯುವುದು ನನ್ನ ಕೆಲಸ. ಇಲ್ಲದಿದ್ದರೆ ಮೂಲೆಯಲ್ಲಿ ಕೂತು ಹುಕ್ಸು ಹಾಕುತ್ತಿದ್ದೆ.

ಅವರ ಸೈನ್ಯದ್ದು ಒಂದು ಕಥೆಯೇ. ಬೇರೆಯವರು ವೀರರನ್ನು, ಮಂತ್ರವಾದಿಗಳನ್ನು, ಡ್ರ್ಯಾಗನ್‌ಗಳನ್ನು ಸಾಕುತ್ತಿದ್ದರು. ಇವರು ಮರಿ ರಾಕ್ಷಸರನ್ನು ಆರಿಸಿಕೊಂಡಿದ್ದರು. ಹಸಿರು ಮೈ, ಉದ್ದ ಮೂಗು, ಕೈಯಲ್ಲಿ ಸೌಟಿನಂಥ ಆಯುಧ. ಇಡೀ ಆಟದಲ್ಲಿ ಇಷ್ಟು ದುರ್ಬಲವಾದವರು ಇನ್ನೊಬ್ಬರಿಲ್ಲ. ಅದು ಸಾಲದೆಂಬಂತೆ ಅವರಿಗೆ ಒಂದು ವಿಶೇಷ ನಿಯಮ ಬೇರೆ. ಪ್ರತಿ ಸರದಿಯಲ್ಲೂ ದಾಳ ಹಾಕಿ ನೋಡಬೇಕು, ಒಂದು ಬಿದ್ದರೆ ಅವರು ಶತ್ರುವನ್ನು ಬಿಟ್ಟು ತಮ್ಮತಮ್ಮಲ್ಲೇ ಜಗಳಕ್ಕೆ ನಿಲ್ಲುತ್ತಾರೆ.

“ಇಂಥವರನ್ನ ಎಂತಕ್ಕೆ ಸಾಕೂದು?” ಎಂದು ಒಮ್ಮೆ ಕೇಳಿದೆ.

“ಆಫೀಸಲ್ಲಿ ನನ್ನ ಕೈಕೆಳಗೆ ಹನ್ನೊಂದು ಜನ ಇದಾರೆ ಅಕ್ಕ. ಒಬ್ರೂ ಹೇಳಿದ ಮಾತು ಕೇಳಲ್ಲ. ಇಲ್ಲಿ ಅರವತ್ತು ಜನ, ಇವರೂ ಕೇಳಲ್ಲ. ಆದ್ರೆ ಇಲ್ಲಿ ಕೇಳದೆ ಇರೋದಕ್ಕೆ ಒಂದು ರೂಲ್ ಇದೆ. ಎಷ್ಟು ಸಮಾಧಾನ ಗೊತ್ತಾ?”

ಅರವತ್ತಕ್ಕೂ ಹೆಸರಿತ್ತು. ಎಲ್ಲವೂ ಮೈಸೂರಿನ ಅವರ ಬೀದಿಯವು. ಹಾಲಿನವನು, ಸಿಟಿ ಬಸ್ ಕಂಡಕ್ಟರ್, ಟೈಪಿಂಗ್ ಟೀಚರ್, ಕೇಬಲ್‌ನವನು, ಎರಡನೇ ಸೋದರತ್ತೆ. ಸೇನಾಪತಿ ಶಾಲೆಯ ಡ್ರಿಲ್ ಮೇಷ್ಟ್ರು. ಡಚ್ಚರು ಈ ಹೆಸರುಗಳನ್ನು ಪರೀಕ್ಷೆಗೆ ಓದಿದಂತೆ ಕಲಿತಿದ್ದರು. ಎದುರಾಳಿಯೊಬ್ಬ ಬಾಣ ಬಿಟ್ಟು ದಾಳ ಹಾಕಿ, “ಸೋದರತ್ತೆ ಹೋದ್ರು” ಎಂದು ಗಂಭೀರವಾಗಿ ಹೇಳುವುದನ್ನು ನನ್ನ ಕಿವಿಯಿಂದ ಕೇಳಿದ್ದೇನೆ. ಆಮೇಲೆ ಉಳಿದವರೆಲ್ಲ “ಯಾಮರ್” ಎನ್ನುತ್ತಿದ್ದರು. ಅಯ್ಯೋ ಪಾಪ ಎನ್ನುವುದಕ್ಕೆ ಇಲ್ಲಿ ಹಾಗೆ ಅನ್ನುತ್ತಾರೆ. ಟ್ರಾಮ್ ತಪ್ಪಿದರೂ ಯಾಮರ್, ಸೋದರತ್ತೆ ಸತ್ತರೂ ಯಾಮರ್.

ಎರಡನೇ ವರ್ಷದಲ್ಲಿ ನನ್ನ ಹೆಸರಿನದ್ದೂ ಒಂದು ಬಂತು. ಕುತ್ತಿಗೆಗೆ ಹಳದಿ ಟೇಪು ಹಾಕಿಕೊಂಡ ರಾಕ್ಷಸಿ. ಒಂದು ಕೂದಲಿನ ಬ್ರಶ್ಶಿನಲ್ಲಿ ಟೇಪಿನ ಮೇಲೆ ಗೆರೆ ಕೂಡ ಎಳೆದಿದ್ದರು.

“ಟೈಲರಕ್ಕ. ಹೇಗಿದೆ?”

“ನನ್ನ ಮೂಗು ಇಷ್ಟು ಉದ್ದ ಉಂಟಾ?”

“ಅಳತೆ ನೀವೇ ತಗೊಳ್ಳಿ.”

ಇನ್ನು ಕಪ್ಪೆ. ಅವರ ಸೈನ್ಯದಲ್ಲಿ ಬಲಶಾಲಿ ಎಂದರೆ ಅದೊಂದೇ. ಮುಷ್ಟಿಯಷ್ಟು ದೊಡ್ಡದು, ಕೆಂಪು ಬಾಯಿ, ತುಂಬ ಹಲ್ಲು. ಎರಡು ದಾಳ ಹಾಕಿ ಎಷ್ಟು ಬಿತ್ತೋ ಅಷ್ಟು ಇಂಚು ಹಾರಿ, ಎದುರಿಗಿದ್ದದ್ದನ್ನು ನುಂಗುತ್ತದೆ. ಆದರೆ ಎರಡರಲ್ಲೂ ಒಂದು ಒಂದು ಬಿದ್ದರೆ, ಹಿಂದಕ್ಕೆ ತಿರುಗಿ, ದೂರದ ಲೆಕ್ಕವಿಲ್ಲದೆ, ತನ್ನವರಲ್ಲೇ ಎಲ್ಲರಿಗಿಂತ ಹತ್ತಿರ ಇರುವವರ ಮೇಲೆ ಹಾರಿ ನುಂಗುತ್ತದೆ. ಅದು ಎಷ್ಟು ಸಲ ಡ್ರಿಲ್ ಮೇಷ್ಟ್ರನ್ನು ನುಂಗಿತೆಂದು ಲೆಕ್ಕವಿಲ್ಲ. ಅಂಥ ಹೊತ್ತಿನಲ್ಲಿ ಅವರ ಮುಖ ನೋಡಬೇಕಿತ್ತು. ಸಂತೋಷದಿಂದ ಕುರ್ಚಿ ಬಿಟ್ಟು ಎದ್ದು ನಿಂತು, “ನೋಡಿದ್ರಾ? ನನ್ನನ್ನ ಬಿಸಿಲಲ್ಲಿ ಓಡಿಸಿದ್ರಲ್ಲ, ಈಗ ನೋಡ್ಲಿ” ಎಂದು ಸೋಲುವವರ ಹಾಗಲ್ಲದೆ ಬಹುಮಾನ ಬಂದವರ ಹಾಗೆ ಎಲ್ಲರ ಕೈ ಕುಲುಕುತ್ತಿದ್ದರು.

ಗೊಂಬೆಗಳನ್ನು ಒಯ್ಯಲು ಬೇರೆಯವರ ಬಳಿ ಸ್ಪಂಜಿನ ಪೆಟ್ಟಿಗೆಗಳಿದ್ದವು. ಇವರ ಬಳಿ ಇಡ್ಲಿ ಸ್ಟ್ಯಾಂಡ್. ಒಂದೊಂದು ಗುಳಿಗೂ ಹತ್ತಿ, ಹತ್ತಿಯ ಮೇಲೆ ನಾಲ್ಕು ನಾಲ್ಕು ರಾಕ್ಷಸರು, ಕೊನೆಗೆ ಕಡ್ಡಿ ಬಿಗಿದರೆ ಮುಗಿಯಿತು. ಆಡುವಾಗ ಸತ್ತವರನ್ನೂ ಖಾಲಿಯಾದ ಇಡ್ಲಿ ತಟ್ಟೆಯ ಗುಳಿಗಳಲ್ಲೇ ಮಲಗಿಸುತ್ತಿದ್ದರು. ಮನೆಯಲ್ಲಿ ಇನ್ನೊಂದು ಸ್ಟ್ಯಾಂಡ್ ಇತ್ತು, ಅದು ನಿಜವಾದ ಇಡ್ಲಿಗೆ. ಒಂದು ಭಾನುವಾರ ಅದು ಸಿಗದೆ ಅವರ ಹೆಂಡತಿ ಇದನ್ನೇ ತೆಗೆದುಕೊಂಡರು. ರಾಕ್ಷಸರನ್ನೂ ಹತ್ತಿಯನ್ನೂ ತೆಗೆದಿಟ್ಟರು, ನಾಲ್ಕನೇ ತಟ್ಟೆಯ ಒಂದು ಗುಳಿಯಲ್ಲಿ ಉಳಿದಿದ್ದ ಕೇಬಲ್‌ನವನು ಕಣ್ಣಿಗೆ ಬೀಳಲಿಲ್ಲ. ಹಿಟ್ಟು ಹೊಯ್ದು ಹತ್ತು ನಿಮಿಷ ಬೇಯಿಸಿದರು. ಅವನು ಸಿಕ್ಕಿದ್ದು ಊರಿಂದ ಬಂದ ಮಾವನವರ ತಟ್ಟೆಯಲ್ಲಿ. ಈಟಿ ಬಗ್ಗಿಹೋಗಿತ್ತು, ಮುಖ ಒಂದು ಕಡೆಗೆ ವಾಲಿತ್ತು. ಇವರು ಬೇಸರ ಮಾಡಿಕೊಳ್ಳದೆ ತೊಳೆದು, “ಈಗ ನಿಜವಾಗ್ಲೂ ನಮ್ಮ ಕೇಬಲ್‌ನವನ ಥರಾನೇ ಕಾಣ್ತಾನೆ” ಎಂದರಂತೆ.

ದಸರೆಗೆ ಅವರ ಮನೆಯಲ್ಲಿ ಗೊಂಬೆ ಕೂರಿಸುತ್ತಿದ್ದರು. ಪಟ್ಟದ ರಾಜ ರಾಣಿಯ ಗೊಂಬೆ, ಶೆಟ್ಟರ ಅಂಗಡಿ, ಮದುವೆ ಮನೆ, ಎಲ್ಲ ಇರುತ್ತಿದ್ದವು. ಕೆಳಗಿನ ಮೆಟ್ಟಿಲಲ್ಲಿ ಅರವತ್ತು ಹಸಿರು ರಾಕ್ಷಸರು ಶೆಟ್ಟರ ಅಂಗಡಿಗೆ ಮುತ್ತಿಗೆ ಹಾಕಿರುತ್ತಿದ್ದರು. ಕುಂಕುಮಕ್ಕೆ ಬಂದ ಹೆಂಗಸರು ಕೇಳಿದರೆ ಹೆಂಡತಿ, “ಅವರ ಕಡೆಯವರು” ಎಂದು ಹೇಳಿ ಕೋಸಂಬರಿ ಕೊಡುತ್ತಿದ್ದರು.

“ಅಮ್ಮನ ಗೊಂಬೆಗಳು ಒಂಬತ್ತು ದಿನ ಸುಮ್ನೆ ಕೂತಿರೋವು ಅಕ್ಕ. ನಂಗೆ ಚಿಕ್ಕವನಿದ್ದಾಗಿಂದ ಒಂದೇ ಆಸೆ, ಇವು ಒಂದ್ಸಲನಾದ್ರೂ ಎದ್ದು ಹೊಡೆದಾಡ್ಲಿ ಅಂತ. ಮುಟ್ಟಿದ್ರೆ ಅಮ್ಮ ಕೈಗೆ ಹೊಡೆಯೋರು. ಈಗ ಯಾರೂ ಹೊಡೆಯಲ್ಲ. ಅದಕ್ಕೆ.”

ಯಾಕೆ ಆಡುತ್ತೀರಿ ಎಂಬುದಕ್ಕೆ ಅವರು ಕೊಟ್ಟ ಉತ್ತರಗಳಲ್ಲಿ ಇದು ನನಗೆ ಹೆಚ್ಚು ಅರ್ಥವಾಗಿದ್ದು. ಉಳಿದದ್ದು ಅರ್ಥವಾಗಲು ತಡವಾಯಿತು.

ಅವರ ಎದುರಾಳಿಯ ಬಗ್ಗೆಯೂ ಹೇಳಬೇಕು. ನಿವೃತ್ತ ಟ್ರಾಮ್ ಚಾಲಕ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಇವರು ಅವರನ್ನು ಟ್ರಾಮ್ ಮಾವ ಎನ್ನುತ್ತಿದ್ದರು. ಆತ ಅದನ್ನು ಭಾರತದ ಯಾವುದೋ ಸೇನಾ ಪದವಿ ಎಂದು ತಿಳಿದು ಬೆನ್ನು ನೆಟ್ಟಗೆ ಮಾಡಿಕೊಂಡು ಓಗೊಡುತ್ತಿದ್ದರು. ಅವರದ್ದು ಬೆಳ್ಳಿ ಕವಚದ ಸವಾರರು ಮತ್ತು ಮೂರು ಡ್ರ್ಯಾಗನ್. ಒಂದರ ಮೇಲೂ ಧೂಳಿಲ್ಲ. ಒಂದು ದಪ್ಪ ಪುಸ್ತಕದಲ್ಲಿ ಪ್ರತಿ ಆಟದ ನಕ್ಷೆ, ಯಾರು ಎಲ್ಲಿ ನಿಂತಿದ್ದರು, ಯಾಕೆ ಸೋತರು, ಎಲ್ಲವನ್ನೂ ಟ್ರಾಮ್ ವೇಳಾಪಟ್ಟಿಯ ಹಾಗೆ ಬರೆದಿಡುತ್ತಿದ್ದರು.

ಒಂದು ಸಲ ಹಳದಿ ಬಣ್ಣ ಮುಗಿದುಹೋಯಿತೆಂದು ಇವರು ಗುರಾಣಿಗಳಿಗೆಲ್ಲ ಅಡಿಗೆಮನೆಯ ಅರಿಶಿನ ಬಳಿದು ತಂದಿದ್ದರು. ಕಾಫಿ ಸಮಯದಲ್ಲಿ ಟ್ರಾಮ್ ಮಾವ, ಗುರಾಣಿಗಳ ಮೇಲೆ ಪುಡಿಪುಡಿ ಕಂಡು, ಉಪಕಾರಕ್ಕೆಂದು ಒಂದು ಸಾಲು ಎತ್ತಿ ಸೋಪಿನ ನೀರಿನಲ್ಲಿ ಉಜ್ಜಿದರು. ಗುರಾಣಿಗಳೆಲ್ಲ ರಕ್ತದಂತೆ ಕೆಂಪಾದವು. ಪಾಪ, ಆ ಎತ್ತರದ ಮನುಷ್ಯ ನಲ್ಲಿಯ ಮುಂದೆ ಬಿಳಿಚಿಕೊಂಡು ನಿಂತು, ತಾನು ಯಾವುದೋ ದೇವರ ಸಾಮಾನು ಕೆಡಿಸಿದೆನೆಂದು ಕ್ಷಮೆ ಕೇಳಿದ್ದೇ ಕೇಳಿದ್ದು. ಮುಂದಿನ ಶನಿವಾರ ಇವರು ಅರಿಶಿನ, ಸುಣ್ಣ, ನೀರು ತಂದು ಎಲ್ಲರೆದುರು ತಟ್ಟೆಯಲ್ಲಿ ಕಲಸಿ ಕೆಂಪು ಮಾಡಿ ತೋರಿಸಿ, ಅದೇ ನೀರಿನಲ್ಲಿ ಡ್ರ್ಯಾಗನ್‌ಗಳಿಗೆ ಆರತಿ ಎತ್ತಿದರು. ಶತ್ರುಗಳಿಗೆ ಯಾಕೆ ಎಂದರೆ, “ಇಷ್ಟು ಚೆನ್ನಾಗಿವೆ, ದೃಷ್ಟಿಯಾಗಲ್ವಾ?” ಎಂದರು.

ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ಇವರಿಬ್ಬರ ನಡುವೆ ದೊಡ್ಡ ಆಟ. ಗೆದ್ದವರಿಗೆ ಮರದ ತುಂಡಿನ ಮೇಲೆ ನಿಲ್ಲಿಸಿ ಚಿನ್ನದ ಬಣ್ಣ ಬಳಿದ ಚೀಸ್ ಹೆರೆಯುವ ಚಾಕು. ಏಳು ವರ್ಷವೂ ಅದು ಟ್ರಾಮ್ ಮಾವನ ಮನೆಗೇ ಹೋಯಿತು.

ಈಗ ನನ್ನ ಟೇಪಿನ ವಿಷಯ. ಅದು ಉಡುಪಿಯಲ್ಲಿ ಹೊಲಿಗೆ ಕಲಿಯುವಾಗ ತೆಗೆದುಕೊಂಡದ್ದು. ಬಟ್ಟೆಯ ಟೇಪು ವರ್ಷಗಳು ಕಳೆದಂತೆ ಎಳೆದುಕೊಳ್ಳುತ್ತದೆ ಎಂದು ಕಲಿಸಿದವರೇ ಹೇಳಿದ್ದರು. ನಾನು ಬದಲಾಯಿಸಲಿಲ್ಲ. ಅದರಿಂದ ತೊಂದರೆಯೂ ಆಗಲಿಲ್ಲ. ಮೈಯನ್ನು ಅಳೆಯುವುದೂ ಅದರಲ್ಲೇ, ಬಟ್ಟೆಯನ್ನು ಅಳೆಯುವುದೂ ಅದರಲ್ಲೇ, ತಪ್ಪು ಎರಡು ಕಡೆಯೂ ಒಂದೇ ಆದ್ದರಿಂದ ಬ್ಲೌಸು ಸರಿಯಾಗಿಯೇ ಕೂರುತ್ತಿತ್ತು. ಕಳೆದ ಅಕ್ಟೋಬರಿನಲ್ಲಿ ಆಮರ್ಸ್‌ಫೋರ್ಟಿನವರೊಬ್ಬರು ಪ್ಯಾಂಟಿನ ಉದ್ದವನ್ನು ತಮ್ಮ ಟೇಪಿನಲ್ಲಿ ಅಳೆದು ಫೋನಿನಲ್ಲಿ ಕಳಿಸಿದರು. ನಾನು ಮಡಿಸಿ ಕಳಿಸಿದ ಪ್ಯಾಂಟು ಒಂದು ಇಂಚು ಉದ್ದವಾಗಿ ನೆಲ ಗುಡಿಸಿತು. ಹೊಸ ಟೇಪು ತಂದು ಪಕ್ಕದಲ್ಲಿಟ್ಟು ನೋಡಿದೆ. ಹಳೆಯದರ ಒಂಬತ್ತು ಇಂಚು, ಹೊಸದರಲ್ಲಿ ಒಂಬತ್ತೂಕಾಲು.

ನವೆಂಬರಿನ ಆಟ ಕೊನೆಯ ಘಟ್ಟಕ್ಕೆ ಬಂತು. ಅಂದು ಆಶ್ಚರ್ಯವೆಂಬಂತೆ ರಾಕ್ಷಸರು ಜಗಳವಾಡಲಿಲ್ಲ. ಕಪ್ಪೆ ದೊಡ್ಡ ಡ್ರ್ಯಾಗನ್ನಿನ ಎದುರು ನಿಂತಿತ್ತು. ಅದನ್ನು ನುಂಗಿದರೆ ಗೆಲುವು. ಇವರು ದಾಳ ಹಾಕಿದರು, ಒಂಬತ್ತು ಬಿತ್ತು. ಡ್ರ್ಯಾಗನ್ ಒಂಬತ್ತು ಇಂಚಿನೊಳಗೆ ಇದೆಯೋ ಇಲ್ಲವೋ ಎಂದು ವಾದವಾಯಿತು. ನಡುವೆ ಕಾಡು, ಉಕ್ಕಿನ ಟೇಪು ಹೋಗದು.

“ಅಕ್ಕ, ಸ್ವಲ್ಪ ಬನ್ನಿ” ಎಂದರು.

ಚೀಲದಲ್ಲಿ ಎರಡೂ ಟೇಪು ಇದ್ದವು. ಹೊಸದು ಬಿಳಿ, ಹಳೆಯದು ಹಳದಿ. ಕತ್ತಲೆಯೇನೂ ಇರಲಿಲ್ಲ. ಕೈ ತಪ್ಪಿತೆಂದು ಹೇಳಿಕೊಳ್ಳಲು ನೋಡಿದ್ದೇನೆ, ಆಗುವುದಿಲ್ಲ. ಏಳು ವರ್ಷ ಒಬ್ಬ ಒಳ್ಳೆಯ ಮನುಷ್ಯ ಸೋಲುವುದನ್ನು ನೋಡಿದ್ದೆ. ಆಡುವುದು ಗೆಲ್ಲಲಿಕ್ಕೆ ಎಂದು ನಾನು ತಿಳಿದಿದ್ದೆ. ಹಳದಿಯದನ್ನು ತೆಗೆದೆ. ಡ್ರ್ಯಾಗನ್ನಿನ ಬೆರಳಿಗೆ ಸರಿಯಾಗಿ ಒಂಬತ್ತರ ಗೆರೆ ಬಂತು. ಬಿಳಿಯದರಲ್ಲಾದರೆ ಅದು ಒಂಬತ್ತೂಕಾಲು.

“ಒಂಬತ್ತು ಉಂಟು” ಎಂದೆ.

ಟ್ರಾಮ್ ಮಾವ ಬಗ್ಗಿ ನೋಡಿ ತಲೆಯಾಡಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಇವರು ಚೀಸ್ ಚಾಕು ಹಿಡಿದುಕೊಂಡು ನಿಂತರು. ಡ್ರಿಲ್ ಮೇಷ್ಟ್ರು ಸತ್ತಾಗ ಕುಲುಕಿದಷ್ಟು ಕೈಗಳನ್ನು ಅಂದು ಕುಲುಕಲಿಲ್ಲ.

ಮುಂದಿನ ವಾರ ಪ್ಯಾಂಟು ಮಡಿಸಲು ಕೊಡುವ ನೆಪದಲ್ಲಿ ಮೇಲೆ ಬಂದರು. ಕಾಫಿ ಕುಡಿದರು. ಏಳುವಾಗ ಕೇಳಿದರು, “ಅಕ್ಕ, ನಿಮ್ಮ ಆ ಹಳದಿ ಟೇಪು ಎಷ್ಟು ವರ್ಷದ್ದು?”

“ಹೊಸತು” ಎಂದೆ.

“ಹೌದಾ” ಎಂದರು. ಪ್ಯಾಂಟಿನ ಉದ್ದ ಹೇಳದೆ ಹೋದರು. ಆ ಪ್ಯಾಂಟು ಇನ್ನೂ ನನ್ನ ಬಳಿ ಇದೆ.

ಫೆಬ್ರವರಿಯಲ್ಲಿ ಅವರು ಹೋದರು. ಕ್ಲಬ್ಬಿನವರೆಲ್ಲ ಬಂದಿದ್ದರು. ಅವರ ಮನೆಯ ಗೋಡೆಯ ಹಲಗೆಯ ಮೇಲೆ ಫೋಟೋ, ಫೋಟೋಗೆ ಹಾರ, ಪಕ್ಕದಲ್ಲಿ ಚಿನ್ನದ ಚೀಸ್ ಚಾಕು. ಅದರ ಹಿಡಿಗೂ ಯಾರೋ ಕುಂಕುಮ ಇಟ್ಟಿದ್ದರು. ನಾನು ಹೋದಾಗಲೆಲ್ಲ ಆ ಚಾಕು ನನ್ನನ್ನೇ ನೋಡುತ್ತಿತ್ತು. ಒಂದು ತಿಂಗಳು ತಡೆದೆ. ಆಮೇಲೆ ಒಂದು ದಿನ ಅವರ ಹೆಂಡತಿ ಬೀನ್ಸ್ ಬಿಡಿಸುತ್ತಿರುವಾಗ ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಎರಡು ಟೇಪು, ಕಾಲು ಇಂಚು, ಹೊಸತು ಎಂದ ಸುಳ್ಳು.

ಅವರು ಬೀನ್ಸ್ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಬಿಡಿಸುತ್ತಲೇ ಹೇಳಿದರು.

“ಅಕ್ಕ, ಪ್ರತಿ ಶನಿವಾರ ಊಟಕ್ಕೆ ಕೂತ್ರೆ ಸೋತ ಕತೆ ಶುರು ಮಾಡೋರು. ಸೌಟೇ ಕಪ್ಪೆ, ಉಪ್ಪಿನಕಾಯಿ ಬಾಟ್ಲಿನೇ ಡ್ರ್ಯಾಗನ್. ಸಾರು ಆರಿ ತಣ್ಣಗಾಗೋದು. ನಾನು ಬೈಯೋಳು. ಗೆದ್ದ ದಿನ ಬಂದ್ರು, ಚಾಕು ಇಟ್ರು, ಊಟ ಮಾಡಿದ್ರು. ಏನ್ರೀ ಹೇಗೆ ಗೆದ್ರಿ ಅಂದ್ರೆ, ‘ಕಪ್ಪೆ ಹಾರ್ತು, ನುಂಗ್ತು’ ಅಂದ್ರು. ಅಷ್ಟೇ. ಬಿಸಿ ಸಾರು ಊಟ ಮಾಡಿದ್ದು ಅವತ್ತೇ.”

ಬಿಡಿಸಿದ ಬೀನ್ಸನ್ನು ನಾನು ಪಾತ್ರೆಗೆ ಸುರಿದೆ. ಅವರೇ ಮತ್ತೆ ಹೇಳಿದರು, “ಇದನ್ನ ಟ್ರಾಮ್ ಮಾವಂಗೆ ಹೇಳ್ಬೇಕು ನೀವು. ಅವರ ಪುಸ್ತಕದಲ್ಲಿ ತಪ್ಪು ಇರ್ಬಾರ್ದು.”

ಶನಿವಾರ ಇಬ್ಬರೂ ಹೋದೆವು. ಅವರು ಚೀಸ್ ಚಾಕನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡರು, ನಾನು ಇಡ್ಲಿ ಸ್ಟ್ಯಾಂಡ್ ಹಿಡಿದುಕೊಂಡೆ. ನನ್ನ ಡಚ್ ಭಾಷೆ ಅಂಗಡಿಗೆ ಸಾಕಾಗುವಷ್ಟು. ತಪ್ಪೊಪ್ಪಿಕೊಳ್ಳಲು ಅದರಲ್ಲಿ ಬೇಕಾದ ಮಾತುಗಳು ಕಡಿಮೆ. ಮಾತು ಬಿಟ್ಟು ಎರಡು ಟೇಪನ್ನೂ ಟ್ರಾಮ್ ಮಾವನ ಮುಂದೆ ಪಕ್ಕಪಕ್ಕ ಹಾಸಿದೆ.

ಅವರು ಕನ್ನಡಕ ಹಾಕಿಕೊಂಡು, ತಮ್ಮ ಉಕ್ಕಿನ ಟೇಪನ್ನೂ ತಂದು ಮೂರನ್ನೂ ಹೋಲಿಸಿದರು.

“ನಿಮಗೆ ಗೊತ್ತಿತ್ತಾ?” ಎಂದರು ಡಚ್ಚಿನಲ್ಲಿ.

“ಗೊತ್ತಿತ್ತು.”

“ಹಾಗಾದರೆ ಅವನು ಗೆಲ್ಲಲಿಲ್ಲ.”

ಇಲ್ಲಿಯವರು ಹೀಗೇ. ಸುತ್ತಿಬಳಸಿ ಹೇಳುವುದಿಲ್ಲ. ನಾನು ತಲೆ ತಗ್ಗಿಸಿದೆ. ಆದರೆ ಅವರು ಕೋಪದಲ್ಲಿ ಹೇಳಿರಲಿಲ್ಲ. ಪುಸ್ತಕ ತೆಗೆದು ನವೆಂಬರಿನ ಪುಟ ಬಿಡಿಸಿದರು. “ಸೋಲಲೂ ಇಲ್ಲ. ಆಟ ಇಲ್ಲಿ ನಿಂತಿದೆ. ಕಪ್ಪೆ ಮುಟ್ಟಲಿಲ್ಲ ಅಂದರೆ ಮುಂದಿನ ಸರದಿ ನನ್ನದು. ಕೂತ್ಕೊಳ್ಳಿ.”

“ನಾನಾ?”

“ಟೇಪು ಹಿಡಿದವರು ನೀವು ತಾನೇ?”

ನಾನು ಹೊಲಿದ ಹಸಿರು ಬಟ್ಟೆಯನ್ನು ಹಾಸಿದರು. ನೇರ ಕಾಲುವೆ ಹಾಗೇ ಇತ್ತು. ನಕ್ಷೆ ನೋಡಿಕೊಂಡು ಕ್ಲಬ್ಬಿನವರೆಲ್ಲ ಸೇರಿ ಗೊಂಬೆಗಳನ್ನು ಇದ್ದಲ್ಲೇ ನಿಲ್ಲಿಸಿದರು. ಕಂಡಕ್ಟರ್ ಎಲ್ಲಿ, ಟೈಪಿಂಗ್ ಟೀಚರ್ ಎಲ್ಲಿ ಎಂದು ಅವರಿಗೇ ನನಗಿಂತ ಚೆನ್ನಾಗಿ ಗೊತ್ತಿತ್ತು. ಕಪ್ಪೆಯ ಹಿಂದೆ ಡ್ರಿಲ್ ಮೇಷ್ಟ್ರು, ಅವರ ಪಕ್ಕದಲ್ಲಿ ಟೈಲರಕ್ಕ. ಅವರ ಹೆಂಡತಿ ನನ್ನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಎಂಟು ವರ್ಷದಲ್ಲಿ ಅವರು ಆ ಕೋಣೆಗೆ ಬಂದದ್ದು ಅದೇ ಮೊದಲು.

ಎಂಟು ವರ್ಷ ನೋಡಿದ್ದರೂ ಆಡಲು ಕೂತಾಗ ದಾಳದ ಬದಲು ಟೇಪು ಎತ್ತಿಕೊಂಡೆ. ಮೊದಲ ಸರದಿಯಲ್ಲೇ ಬೆಳ್ಳಿ ಸವಾರರು ಬಂದು ಹಾಲಿನವನನ್ನೂ ಸೋದರತ್ತೆಯನ್ನೂ ತೆಗೆದರು. ನನ್ನ ಸರದಿಯಲ್ಲಿ ದಾಳ ಹಾಕಿದೆ, ಒಂದು ಬಿತ್ತು, ಎಡಗಡೆಯವರೆಲ್ಲ ತಮ್ಮಲ್ಲೇ ಜಗಳಕ್ಕೆ ನಿಂತರು. “ನಮ್ಮ ಬೀದಿಯವ್ರಲ್ವಾ” ಎಂದರು ಅವರ ಹೆಂಡತಿ ಮೆಲ್ಲಗೆ. ಬೆಂದ ಕೇಬಲ್‌ನವನು ಮಾತ್ರ ಒಬ್ಬನೇ ಬಗ್ಗಿದ ಈಟಿ ಹಿಡಿದು ಒಬ್ಬ ಸವಾರನನ್ನು ಬೀಳಿಸಿದ. ಎಲ್ಲರೂ ಮೇಜು ಬಡಿದರು. ನಾನೂ ಬಡಿದೆ. ಇಷ್ಟು ಚಿಕ್ಕವನು ಇಷ್ಟು ದೊಡ್ಡವನನ್ನು ಬೀಳಿಸಿದನಲ್ಲ ಎಂದು ಅವನ ವಾಲಿದ ಮುಖವನ್ನೇ ನೋಡಿದೆ. ಆಗ ಅವರು ಎಂಟು ವರ್ಷ ಮೇಜಿನ ಈ ಕಡೆ ಕೂತು ಏನು ಕಾಣುತ್ತಿದ್ದರು ಎಂದು ಸ್ವಲ್ಪ ತಿಳಿಯಿತು.

ಮೂರನೇ ಸರದಿಗೆ ನನ್ನ ಬಳಿ ಉಳಿದದ್ದು ಹದಿನೈದು ಜನ ಮತ್ತು ಕಪ್ಪೆ. ಡ್ರ್ಯಾಗನ್ ಎದುರಿಗೇ ಇತ್ತು, ಆರು ಇಂಚು ಕೂಡ ಇಲ್ಲ. ಯಾವ ಟೇಪಿನಲ್ಲಿ ಅಳೆದರೂ ಸಿಗುವಷ್ಟು ಹತ್ತಿರ. ಎರಡು ದಾಳ ಕೈಯಲ್ಲಿ ಹಿಡಿದು ಹಾಕಿದೆ.

ಒಂದು. ಒಂದು.

ಟ್ರಾಮ್ ಮಾವ ನಿಧಾನವಾಗಿ ಎದ್ದು ಮೇಜನ್ನು ಸುತ್ತಿಕೊಂಡು ಬಂದು, ಕಪ್ಪೆಯ ಹಿಂದೆ ಬಗ್ಗಿದರು. ಡ್ರಿಲ್ ಮೇಷ್ಟ್ರು ಹತ್ತಿರವೋ ಟೈಲರಕ್ಕ ಹತ್ತಿರವೋ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಅವರು ಕೈ ಚಾಚಿದರು. ನಾನು ಬಿಳಿ ಟೇಪು ಕೊಟ್ಟೆ.

ಡ್ರಿಲ್ ಮೇಷ್ಟ್ರು ಎರಡೂವರೆ ಇಂಚು. ಟೈಲರಕ್ಕ ಎರಡೂಕಾಲು.

ಅವರು ಮತ್ತೊಮ್ಮೆ ಅಳೆದರು. ಆಮೇಲೆ ಟೇಪಿನ ಮೇಲೆ ಉಗುರಿಟ್ಟು ಆ ಕಾಲು ಇಂಚನ್ನು ನನಗೆ ತೋರಿಸಿದರು. ಎರಡು ಬೆರಳಲ್ಲಿ ಕಪ್ಪೆಯನ್ನು ಎತ್ತಿ, ತಿರುಗಿಸಿ, ಟೈಲರಕ್ಕನ ಮೇಲೆ ಇಟ್ಟರು.

“ಯಾಮರ್” ಎಂದರು.

ಮೊದಲು ನಕ್ಕವರು ಅವರ ಹೆಂಡತಿ. ಬಾಯಿಗೆ ದುಪಟ್ಟಾ ಅಡ್ಡ ಹಿಡಿದರೂ ನಿಲ್ಲಲಿಲ್ಲ. ಆಮೇಲೆ ನಾನು. ಆಮೇಲೆ ಟ್ರಾಮ್ ಮಾವ ಮೇಜಿನ ಅಂಚು ಹಿಡಿದುಕೊಂಡು ನಗುತ್ತಾ ಎರಡು ಗುಡ್ಡ ಬೀಳಿಸಿದರು. ನನಗೆ ತಿಳಿಯದೆಯೇ ಕುರ್ಚಿ ಬಿಟ್ಟು ಎದ್ದು ಎಲ್ಲರ ಕೈ ಕುಲುಕುತ್ತಿದ್ದೆ.

ಪುಸ್ತಕದಲ್ಲಿ ನವೆಂಬರಿನ ಸಾಲನ್ನು ಹೊಡೆದುಹಾಕಿ, ಅಡಿಯಲ್ಲಿ ಅವರ ಹೆಸರಿನ ಮುಂದೆ ಟ್ರಾಮ್ ಮಾವ ಬರೆದರು: ಎಂಟನೇ ವರ್ಷ, ಸೋಲು. ಕಾರಣ, ಕಪ್ಪೆ. ಸ್ಕೇಲ್ ಇಟ್ಟು ಅಡಿಗೆರೆ ಎಳೆದರು. ಚೀಸ್ ಚಾಕನ್ನು ತೆಗೆದುಕೊಂಡು, ಹಿಡಿಯ ಕುಂಕುಮವನ್ನು ಒರೆಸದೆ ತಮ್ಮ ಚೀಲಕ್ಕೆ ಹಾಕಿಕೊಂಡರು. ನಾನು ಟೈಲರಕ್ಕನನ್ನು ಎತ್ತಿ, ಇಡ್ಲಿ ತಟ್ಟೆಯ ಗುಳಿಯಲ್ಲಿ, ಸೋದರತ್ತೆಯ ಪಕ್ಕ ಮಲಗಿಸಿದೆ.

ಮನೆಗೆ ಬಂದಾಗ ಸಂಜೆಯಾಗಿತ್ತು. ಅವರ ಹೆಂಡತಿ ನನ್ನನ್ನು ಮೇಲೆ ಹೋಗಲು ಬಿಡಲಿಲ್ಲ. ಅನ್ನ ಇಟ್ಟರು, ಬೆಳಗಿನ ಸಾರು ಕುದಿಸಿದರು. ಫೋಟೋದ ಪಕ್ಕದ ಜಾಗ ಖಾಲಿಯಾಗಿತ್ತು. ನನಗೆ ತಟ್ಟೆ ಹಾಕಿ, ಇದಿರು ಕೂತು, ಉಪ್ಪಿನಕಾಯಿ ಬಾಟಲಿಯನ್ನು ಮೇಜಿನ ನಡುವಿಗೆ ತಳ್ಳಿದರು.

“ಹೇಳಿ ಅಕ್ಕ” ಎಂದರು. “ಹೇಗೆ ಸೋತ್ರಿ?”

“ನೀವು ಅಲ್ಲೇ ಇದ್ರಲ್ಲ ಮಾರಾಯ್ರೆ.”

“ಇದ್ದೆ. ಆದ್ರೂ ಹೇಳಿ.”

ನಾನು ಸಾರಿನ ಸೌಟನ್ನು ಕೈಗೆತ್ತಿಕೊಂಡೆ.